ಕೊಳೆಯದ ಕೊಳೆ: ಕಾರ್ಖಾನೆಯ ನೀರಿನಿಂದ ಲೋಹ ತೆಗೆಯುವ ಬಗೆ



ಕಬ್ಬಿನ ನೋಂದಣಿಗೆಂದು ಗಟ ಕಚೇರಿಗೆ ಬಂದಿದ್ದ ಸದಸ್ಯರೊಬ್ಬರು ನಮ್ಮ ಕೃಷಿ ಅಧಿಕಾರಿಗಳಿಗೆ ಒಂದು ಪ್ರಶ್ನೆ ಕೇಳಿದರು. "ಸಾಹೇಬರ, ಪ್ಲೇಟಿಂಗ್ ಕಾರ್ಖಾನಿಯವರು ಹಸರ ಕೆಸರು ಪುಕ್ಕಟ ಕೊಡ್ತೀವಿ ಅಂತಾರ್ರಿ. ಟ್ರಾಲಿ ಬಾಡಿಗಿನೂ ಅವರದ ಅಂತ. ನಮ್ಮ ಪ್ರೆಸ್‌ಮಡ್ ಹಾಕಿದಂಗ ಹೊಲಕ್ಕ ಹಾಕಲೇನ್ರಿ?"

"ತಡೀರಿ ಕಾಕಾ, ಒಂದು ಬುಟ್ಟಿನೂ ಹಾಕಬ್ಯಾಡ್ರಿ" ಎಂದು ಅಧಿಕಾರಿಗಳು ಅಂದು ಹೇಳಿ ಕಳಿಸಿದರು. ಏಕೆ ಹಾಕಬಾರದು ಎಂಬುದನ್ನು ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂತಿಲ್ಲ. ಆ ಹಸಿರು ಕೆಸರು ಎಲ್ಲಿಂದ ಬಂತು, ಅದರಲ್ಲಿ ಏನಿದೆ, ಅದನ್ನು ನಿಜವಾಗಿ ಎಲ್ಲಿಗೆ ಕಳಿಸಬೇಕು ಎಂಬುದನ್ನು ಎಲ್ಲ ಸದಸ್ಯರೂ ತಿಳಿದಿರಲಿ ಎಂದು ಈ ಪಾಠ.

1. ಎರಡು ಬಗೆಯ ಹೊಲಸು ನೀರು

ಸಕ್ಕರೆ ಕಾರ್ಖಾನೆಯಿಂದ ಹೊರಬರುವ ನೀರಿನಲ್ಲಿ ಮುಖ್ಯವಾಗಿ ಇರುವುದು ಸಕ್ಕರೆಯ ಅಂಶ, ಬಗ್ಯಾಸಿನ ಪುಡಿ, ಯಂತ್ರದ ಎಣ್ಣೆ. ಈ ನೀರನ್ನು ಹಾಗೆಯೇ ಹಳ್ಳಕ್ಕೆ ಬಿಟ್ಟರೆ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿನ್ನುತ್ತ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನು ಸಾಯುತ್ತವೆ, ನೀರು ನಾರುತ್ತದೆ. ಆದರೆ ಅದೇ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ ಗಾಳಿ ಹಾಯಿಸಿದರೆ, ತಿಪ್ಪೆಯಲ್ಲಿ ರವದಿ ಕೊಳೆತು ಗೊಬ್ಬರವಾಗುವಂತೆ, ಆ ಹೊಲಸು ಕೊಳೆತು ಕರಗಿಹೋಗುತ್ತದೆ. ಇದಕ್ಕೆ ಬೇಕಾಗುವುದು ಗಾಳಿ ಮತ್ತು ಕಾಲ.

ಲೋಹದ ಮಾತು ಹಾಗಲ್ಲ. ಸೀಸ, ಕ್ರೋಮಿಯಂ, ನಿಕ್ಕಲ್, ಕ್ಯಾಡ್ಮಿಯಂ ಇವು ಮೂಲಧಾತುಗಳು. ಯಾವ ಸೂಕ್ಷ್ಮಜೀವಿಯೂ ಇವನ್ನು ಒಡೆದು ಇಲ್ಲವಾಗಿಸಲಾರದು. ನೂರು ವರ್ಷ ಬಿಟ್ಟು ನೋಡಿದರೂ ಸೀಸ ಸೀಸವೇ. ಲೋಹ ಬೆರೆತ ನೀರಿಗೆ ಗಾಳಿ ಹಾಯಿಸಿದರೆ ಲೋಹದ ಒಂದು ಪಾಲು ಕೆಳಗಿನ ಕೆಸರಿಗೆ ಇಳಿಯುತ್ತದೆ, ಉಳಿದದ್ದು ನೀರಿನಲ್ಲೇ ಮುಂದೆ ಹೋಗುತ್ತದೆ. ಆದ್ದರಿಂದ ನೀರಿನಿಂದ ಲೋಹ ತೆಗೆಯುವುದೆಂದರೆ ಅದನ್ನು ನಾಶಮಾಡುವುದಲ್ಲ. ಎಲ್ಲೆಂದರಲ್ಲಿ ಹರಡದಂತೆ ಹಿಡಿದು, ನಮ್ಮ ಕೈಗೆ ಸಿಗುವ ಒಂದು ಜಾಗದಲ್ಲಿ ಕೂಡಿಹಾಕುವುದು. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದರೆ ಉಳಿದ ಪಾಠವೆಲ್ಲ ಸುಲಭ.

ಹಾಗೆಂದು ಲೋಹವೆಲ್ಲ ವಿಷವಲ್ಲ. ನಮ್ಮ ಎರೆಭೂಮಿಯಲ್ಲಿ ಸತುವಿನ ಕೊರತೆ ಇದ್ದಾಗ ನಾವೇ ಸತುವಿನ ಸಲ್ಫೇಟ್ ತಂದು ಹಾಕುತ್ತೇವೆ. ಕಬ್ಬಿನ ಎಲೆ ಬಿಳಿಚಿಕೊಂಡಾಗ ಕಬ್ಬಿಣದ ಸಲ್ಫೇಟ್ ಸಿಂಪಡಿಸುತ್ತೇವೆ. ಸತು, ಕಬ್ಬಿಣ, ತಾಮ್ರ ಇವು ಪೈರಿಗೆ ಅಲ್ಪ ಪ್ರಮಾಣದಲ್ಲಿ ಬೇಕೇ ಬೇಕು, ಹೆಚ್ಚಾದರೆ ಕೇಡು. ಸೀಸ, ಕ್ಯಾಡ್ಮಿಯಂ, ಪಾದರಸ ಮಾತ್ರ ಪೈರಿಗೂ ಬೇಡ, ದನಕ್ಕೂ ಬೇಡ, ಮನುಷ್ಯನಿಗೂ ಬೇಡ.

2. ಸ್ವಲ್ಪವೇ ಅಲ್ಲವೇ? ಲೆಕ್ಕ ಹಾಕಿ ನೋಡೋಣ

"ಒಂದು ಲೀಟರಿಗೆ ಒಂದು ಮಿಲಿಗ್ರಾಂ" ಎಂದರೆ ಕಣ್ಣಿಗೂ ಕಾಣದು, ನಾಲಿಗೆಗೂ ತಿಳಿಯದು. ಆದರೆ ಕಬ್ಬು ನೀರು ಕುಡಿಯುವ ಬೆಳೆ. ಕಾಲುವೆ ನೀರು ಬಿಟ್ಟು ಬೆಳೆಸುವಲ್ಲಿ ವರ್ಷಕ್ಕೆ 2000 ಮಿಲಿಮೀಟರ್ ನೀರು ಕೊಟ್ಟೆವೆಂದು ಹಿಡಿಯಿರಿ. ಎಕರೆಗೆ ಸುಮಾರು 8000 ಘನ ಮೀಟರ್ ನೀರಾಯಿತು. ಒಂದು ಘನ ಮೀಟರ್ ಎಂದರೆ 1000 ಲೀಟರ್. ಲೀಟರಿಗೆ ಒಂದು ಮಿಲಿಗ್ರಾಂ ಲೋಹವಿದ್ದರೆ ಘನ ಮೀಟರಿಗೆ ಒಂದು ಗ್ರಾಂ, ಎಕರೆಗೆ ವರ್ಷಕ್ಕೆ 8 ಕಿಲೋ. ಹತ್ತು ವರ್ಷಕ್ಕೆ 80 ಕಿಲೋ.

ಒಂದು ಎಕರೆಯ ಮೇಲಿನ ಎಂಟು ಇಂಚು ಮಣ್ಣಿನ ತೂಕ ಸರಿಸುಮಾರು 1000 ಟನ್. ಆ ಲೋಹವೆಲ್ಲ ಅಲ್ಲೇ ನಿಂತರೆ ಪ್ರತಿ ಕಿಲೋ ಮಣ್ಣಿಗೆ 80 ಮಿಲಿಗ್ರಾಂ ಸೇರಿದಂತಾಯಿತು. ನಮ್ಮ ಎರೆಮಣ್ಣಿನಲ್ಲಿ ಜೇಡಿ ಹೆಚ್ಚು, ಸುಣ್ಣದ ಅಂಶವೂ ಹೆಚ್ಚು. ಇಂಥ ಮಣ್ಣು ಸೀಸ, ತಾಮ್ರ, ಸತುವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದರಿಂದ ಪೈರಿಗೆ ಬೇಗ ಏರುವುದಿಲ್ಲ ಎಂಬುದು ಒಂದು ಲಾಭ. ಆದರೆ ಮಣ್ಣಿನಿಂದ ಹೋಗುವುದೂ ಇಲ್ಲ. ಹಳದಿ ಬಣ್ಣದ, ಆರು ವೇಲೆನ್ಸಿಯ ಕ್ರೋಮಿಯಂ ಅಂತೂ ಇಂಥ ಮಣ್ಣಿನಲ್ಲಿ ನಿಲ್ಲದೆ ನೀರಿನೊಡನೆ ಬಾವಿಯ ಕಡೆಗೆ ಇಳಿಯುತ್ತದೆ.

ಇನ್ನೊಂದು ಮಾತು ಗಮನಿಸಿ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ನೀರಾವರಿ ನೀರಿಗೆ ಸೂಚಿಸಿದ ಮಿತಿ ಹೀಗಿದೆ: ಲೀಟರಿಗೆ ನಿಕ್ಕಲ್ 0.2 ಮಿಲಿಗ್ರಾಂ, ಕ್ರೋಮಿಯಂ 0.1, ಕ್ಯಾಡ್ಮಿಯಂ 0.01. ನಮ್ಮ ದೇಶದ 1986ರ ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಸೇರಿದ ಸಾಮಾನ್ಯ ಮಾನದಂಡದಂತೆ ನದಿ, ಹಳ್ಳಗಳಿಗೆ ಬಿಡುವ ಕಾರ್ಖಾನೆ ನೀರಿನಲ್ಲಿ ನಿಕ್ಕಲ್ 3, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ತನಕ ಇರಬಹುದು. ಹಳ್ಳದಲ್ಲಿ ಬೇರೆ ನೀರು ಬೆರೆತು ತೆಳುವಾದೀತು ಎಂಬ ಲೆಕ್ಕ ಅದು. ಹಾಗಾದರೆ "ನಮ್ಮ ನೀರು ಕಾಯ್ದೆಯ ಮಿತಿಯೊಳಗೆ ಇದೆ" ಎಂದು ಯಾರಾದರೂ ಹೇಳಿದ ಮಾತ್ರಕ್ಕೆ ಆ ನೀರನ್ನು ಪೈಪಿನಿಂದ ನೇರವಾಗಿ ವರ್ಷಗಟ್ಟಲೆ ಕಬ್ಬಿಗೆ ಹಾಯಿಸಬಹುದು ಎಂದಾಗುವುದಿಲ್ಲ.

3. ಬೋರ್ಡೋ ಮಿಶ್ರಣದಲ್ಲಿ ನೀವೇ ಮಾಡಿದ ಪ್ರಯೋಗ

ನೀರಿನಿಂದ ಲೋಹ ತೆಗೆಯುವುದು ದೊಡ್ಡ ವಿದ್ಯೆ ಎಂದು ಹೆದರಬೇಡಿ. ದ್ರಾಕ್ಷಿ, ದಾಳಿಂಬೆ, ಎಲೆಬಳ್ಳಿ ಮಾಡಿದವರು ಇದನ್ನು ಆಗಲೇ ಮಾಡಿದ್ದೀರಿ.

ಒಂದು ಕಿಲೋ ಮೈಲುತುತ್ತ, ನಮ್ಮ ಅಂಗಡಿಗಳಲ್ಲಿ ಮೋರಚೂದ ಎಂದು ಕೊಡುತ್ತಾರಲ್ಲ ಅದು, ನೀರಿನಲ್ಲಿ ಕರಗಿಸುತ್ತೀರಿ. ನೀರು ಗಾಢ ನೀಲಿಯಾಗಿ, ತಿಳಿಯಾಗಿ ಇರುತ್ತದೆ. ತಾಮ್ರ ಪೂರ್ತಿ ಕರಗಿದೆ ಎಂದು ಅರ್ಥ. ಬೇರೆ ಪಾತ್ರೆಯಲ್ಲಿ ಒಂದು ಕಿಲೋ ಸುಣ್ಣ ಕದಡಿ ಇದಕ್ಕೆ ಕೂಡಿಸುತ್ತೀರಿ. ಕೂಡಲೇ ನೀರು ಆಕಾಶನೀಲಿ ಬಣ್ಣದ ಮೊಸರಿನಂತಾಗುತ್ತದೆ. ಕರಗಿದ್ದ ತಾಮ್ರ ಸುಣ್ಣದಿಂದಾಗಿ ಕರಗದ ಕಣವಾಯಿತು. ಆ ಮಿಶ್ರಣವನ್ನು ಸಿಂಪಡಿಸದೆ ಹಾಗೇ ಬಿಟ್ಟರೆ ನೀಲಿ ಗಸಿ ಕೆಳಗಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಕಾರ್ಖಾನೆ ನೀರಿನಿಂದ ಲೋಹ ತೆಗೆಯುವ, ಲೋಕದಲ್ಲೆಲ್ಲ ರೂಢಿಯಲ್ಲಿರುವ ವಿಧಾನ ಇದೇ: ಸುಣ್ಣ ಹಾಕುವುದು, ಗಸಿ ಇಳಿಸುವುದು, ಸೋಸುವುದು.

ಮಿಶ್ರಣ ಸರಿಯಾಯಿತೇ ಎಂದು ನೋಡಲು ಕಬ್ಬಿಣದ ಚಾಕು ಅದ್ದುತ್ತೀರಿ. ಚಾಕುವಿನ ಮೇಲೆ ಕೆಂಪು ಲೇಪ ಕೂತರೆ "ಇನ್ನೂ ಸುಣ್ಣ ಬೇಕು" ಎನ್ನುತ್ತೀರಿ. ಆ ಕೆಂಪು ಲೇಪ ತುಕ್ಕು ಅಲ್ಲ, ಶುದ್ಧ ತಾಮ್ರ. ನೀರಿನಲ್ಲಿ ಉಳಿದಿದ್ದ ತಾಮ್ರ ಹೊರಬಂದು, ಅದರ ಜಾಗಕ್ಕೆ ಚಾಕುವಿನ ಕಬ್ಬಿಣ ನೀರಿಗೆ ಇಳಿಯಿತು. ಸ್ಪೇನ್ ದೇಶದ ರಿಯೋ ಟಿಂಟೋ ಗಣಿಯಲ್ಲಿ ತಾಮ್ರದ ನೀರನ್ನು ಕಬ್ಬಿಣದ ಮೇಲೆ ಹರಿಸಿ ಹೀಗೆಯೇ ತಾಮ್ರವನ್ನು ಪಡೆಯುತ್ತಿದ್ದರು. ಒಂದೇ ಡ್ರಮ್ಮಿನಲ್ಲಿ ಎರಡು ಪಾಠ ಕಲಿತಂತಾಯಿತು: ಸುಣ್ಣದಿಂದ ಲೋಹವನ್ನು ತೆಗೆಯಬಹುದು, ಕಬ್ಬಿಣದಿಂದ ತಾಮ್ರವನ್ನು ಮರಳಿ ಪಡೆಯಬಹುದು.

4. ನಮ್ಮ ಕಾರ್ಖಾನೆಯಲ್ಲಿ ಕಾಣುವ ಅದೇ ಕ್ರಮ

ಹಂಗಾಮಿನಲ್ಲಿ ಕಾರ್ಖಾನೆ ನೋಡಲು ಬಂದವರು ಕಬ್ಬಿನ ರಸ ತಿಳಿಯಾಗುವ ವಿಭಾಗವನ್ನು ನೋಡಿರುತ್ತೀರಿ. ಗಾಣದಿಂದ ಬಂದ ರಸದ ರಸಸಾರ, ಅಂದರೆ ಪಿ.ಎಚ್., ಸುಮಾರು 5ರಿಂದ 5.5. ಅದಕ್ಕೆ ಸುಣ್ಣದ ಹಾಲು, ಗಂಧಕ ಉರಿಸಿದ ಹೊಗೆ ಎರಡನ್ನೂ ಕೊಟ್ಟು ರಸಸಾರವನ್ನು 7ರ ಹತ್ತಿರ ತರುತ್ತಾರೆ. ಕ್ಲಾರಿಫೈಯರಿನಲ್ಲಿ ಗಸಿ ಕೆಳಗಿಳಿಯುತ್ತದೆ, ತಿಳಿ ರಸ ಮುಂದೆ ಹೋಗುತ್ತದೆ. ಗಸಿಯನ್ನು ವ್ಯಾಕ್ಯೂಮ್ ಫಿಲ್ಟರಿನಲ್ಲಿ ಸೋಸಿದಾಗ ಬರುವುದೇ ಪ್ರೆಸ್‌ಮಡ್.

ಪ್ಲೇಟಿಂಗ್ ಕಾರ್ಖಾನೆಯಲ್ಲಿ ಕ್ರೋಮಿಯಂ ತೆಗೆಯಲು ಬಳಸುವುದೂ ಇವೇ ಎರಡು ಸಾಮಾನು. ಸ್ಕೂಟರಿನ ಹ್ಯಾಂಡಲ್ಲಿಗೆ, ನಲ್ಲಿಗೆ ಹೊಳಪು ಕೊಡುವ ಕ್ರೋಮಿಯಂ ತೊಟ್ಟಿಯ ನೀರು ಹಳದಿ ಅಥವಾ ಕಿತ್ತಳೆ ಬಣ್ಣದ್ದು. ಈ ರೂಪದ ಕ್ರೋಮಿಯಂ ಬಹಳ ವಿಷ, ಸುಣ್ಣಕ್ಕೂ ಬಗ್ಗುವುದಿಲ್ಲ. ಮೊದಲು ಆಮ್ಲ ಹಾಕಿ ರಸಸಾರವನ್ನು 2ರಿಂದ 3ಕ್ಕೆ ಇಳಿಸಿ, ಗಂಧಕದ ಡೈಆಕ್ಸೈಡ್ ಅಥವಾ ಬೈಸಲ್ಫೈಟ್ ಕೊಡುತ್ತಾರೆ. ಹಳದಿ ನೀರು ಹಸಿರಾಗುತ್ತದೆ. ಹಸಿರು ಎಂದರೆ ವಿಷ ಕಡಿಮೆಯಾದ ಇನ್ನೊಂದು ರೂಪ. ಅನಂತರ ಸುಣ್ಣ ಕೊಟ್ಟು ರಸಸಾರವನ್ನು 8 ಅಥವಾ 8.5ಕ್ಕೆ ಏರಿಸಿದರೆ ಹಸಿರು ಗಸಿ ಕೆಳಗಿಳಿಯುತ್ತದೆ. ನಮ್ಮ ಸದಸ್ಯರಿಗೆ ಪುಕ್ಕಟೆ ಕೊಡುತ್ತೇವೆಂದ ಹಸಿರು ಕೆಸರು ಇಂಥದ್ದೇ ಇರಬೇಕು.

ಇಲ್ಲಿ ಎರಡು ತೊಡಕುಗಳುಂಟು. ಮೊದಲನೆಯದು, ಪ್ರತಿ ಲೋಹಕ್ಕೂ ಅದರದೇ ರಸಸಾರ. ಕ್ರೋಮಿಯಂಗೆ 8.5 ಸಾಕು, ಸತುವಿಗೆ 9ರ ಮೇಲೆ, ನಿಕ್ಕಲ್‌ಗೆ 10ರ ಮೇಲೆ ಬೇಕು. ಸುಣ್ಣ ಅತಿಯಾದರೆ ಸತು, ಕ್ರೋಮಿಯಂ ಮತ್ತೆ ಕರಗಿ ನೀರಿಗೆ ಬರುತ್ತವೆ. ಎಲ್ಲ ತೊಟ್ಟಿಗಳ ನೀರನ್ನು ಒಂದೇ ಗಟಾರಿಗೆ ಬಿಟ್ಟ ಕಾರ್ಖಾನೆಯಲ್ಲಿ ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಜಾರುತ್ತದೆ. ಎರಡನೆಯದು, ಕೆಲವು ಪ್ಲೇಟಿಂಗ್ ತೊಟ್ಟಿಗಳಲ್ಲಿ ಸಯನೈಡ್ ಇರುತ್ತದೆ. ಅದಕ್ಕೆ ಆಮ್ಲದ ನೀರು ಬೆರೆತರೆ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಆದ್ದರಿಂದ ಇಂಥ ಕಾರ್ಖಾನೆಗಳಲ್ಲಿ ಮೊದಲ ನಿಯಮವೆಂದರೆ ತೊಟ್ಟಿ ತೊಟ್ಟಿಯ ನೀರನ್ನು ಬೇರೆ ಬೇರೆ ಇಡುವುದು.

5. ತೆಗೆದು ಎಸೆಯುವುದಕ್ಕಿಂತ ಮರಳಿ ಪಡೆಯುವುದು ಲೇಸು

ಸುಣ್ಣ ಹಾಕಿ ಗಸಿ ಇಳಿಸಿದರೆ ನೀರು ತಿಳಿಯಾಯಿತು, ಆದರೆ ಗಸಿಯ ಗುಡ್ಡೆ ಉಳಿಯಿತು. ದುಡ್ಡು ಕೊಟ್ಟು ತಂದ ನಿಕ್ಕಲ್, ತಾಮ್ರ ಎಲ್ಲ ಆ ಕೆಸರಿನಲ್ಲಿ ಬೆರೆತುಹೋಯಿತು. ಅದಕ್ಕಾಗಿ ಜಾಣರು ಲೋಹವನ್ನು ಮರಳಿ ಪಡೆಯುವ ದಾರಿ ಹುಡುಕಿದ್ದಾರೆ.

ಮೊದಲ ದಾರಿ ತೊಳೆಯುವ ಕ್ರಮದಲ್ಲೇ ಇದೆ. ನಮ್ಮ ಮಿಲ್ಲಿನಲ್ಲಿ ನೀರನ್ನು ಹಾಕುವುದು ಕೊನೆಯ ಗಾಣಕ್ಕೆ ಹೋಗುವ ಬಗ್ಯಾಸಿನ ಮೇಲೆ. ಆ ಗಾಣದ ತೆಳು ರಸವನ್ನು ಅದರ ಹಿಂದಿನ ಗಾಣಕ್ಕೆ, ಅಲ್ಲಿಂದ ಅದರ ಹಿಂದಿನದಕ್ಕೆ ಕೊಡುತ್ತಾರೆ. ಹೀಗೆ ಕಡಿಮೆ ನೀರಿನಲ್ಲಿ ಹೆಚ್ಚು ಸಕ್ಕರೆ ಹಿಂಡುತ್ತೇವೆ. ಪ್ಲೇಟಿಂಗಿನಲ್ಲೂ ಹಾಗೆಯೇ. ಸಾಮಾನು ಮುಂದೆ ಮುಂದೆ ಹೋದರೆ ತೊಳೆಯುವ ನೀರು ಹಿಂದೆ ಹಿಂದೆ ಬರಬೇಕು. ಆಗ ನೀರಿನ ಖರ್ಚು ಹಲವು ಪಟ್ಟು ಇಳಿಯುತ್ತದೆ, ಮೊದಲ ತೊಟ್ಟಿಯಲ್ಲಿ ಲೋಹದ ನೀರು ಗಟ್ಟಿಯಾಗಿ ಸಿಗುತ್ತದೆ. ಗಟ್ಟಿ ನೀರನ್ನು ಪ್ಲೇಟಿಂಗ್ ತೊಟ್ಟಿಗೇ ಮರಳಿ ಹಾಕಬಹುದು.

ಎರಡನೆಯದು ವಿದ್ಯುತ್ತು. ಗಟ್ಟಿ ನೀರಿನಲ್ಲಿ ಎರಡು ತಗಡು ಇಳಿಬಿಟ್ಟು ಕರೆಂಟು ಹರಿಸಿದರೆ ಒಂದು ತಗಡಿನ ಮೇಲೆ ತಾಮ್ರ ಅಥವಾ ನಿಕ್ಕಲ್ ಪದರವಾಗಿ ಕೂಡುತ್ತದೆ. ಮೂರನೆಯದು ರಾಳದ ಮಣಿಗಳು. ಲೋಹದ ನೀರನ್ನು ಈ ಮಣಿ ತುಂಬಿದ ಕೊಳವೆಯೊಳಗೆ ಹರಿಸಿದರೆ ಮಣಿಗಳು ಲೋಹವನ್ನು ಹಿಡಿದು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿ ತುಂಬಿದ ಮೇಲೆ ಆಮ್ಲದಿಂದ ತೊಳೆದರೆ ಲೋಹ ಗಟ್ಟಿ ದ್ರಾವಣವಾಗಿ ಕೈಗೆ ಬರುತ್ತದೆ.

ತೊಗಲು ಹದ ಮಾಡುವ ಕಾರ್ಖಾನೆಗಳ ಉದಾಹರಣೆ ಇನ್ನೂ ಸ್ಪಷ್ಟ. ಹಳೆಯ ಪದ್ಧತಿಯಲ್ಲಿ ತೊಗಲು ಹೀರುವುದು ಹಾಕಿದ ಕ್ರೋಮಿಯಂನಲ್ಲಿ ನೂರಕ್ಕೆ 60ರಿಂದ 70 ಪಾಲು ಮಾತ್ರ, ಉಳಿದದ್ದು ನೀರಿನ ಪಾಲು. ಆ ಹಸಿರು ನೀರನ್ನು ಬೇರೆ ಹಿಡಿದು ಮೆಗ್ನೀಸಿಯಂ ಆಕ್ಸೈಡ್ ಹಾಕಿದರೆ ಕ್ರೋಮಿಯಂ ಗಸಿಯಾಗಿ ಇಳಿಯುತ್ತದೆ. ಗಸಿಯನ್ನು ಗಂಧಕಾಮ್ಲದಲ್ಲಿ ಕರಗಿಸಿದರೆ ಮತ್ತೆ ತೊಗಲಿಗೆ ಬಳಸಬಹುದು.

ಬಗ್ಯಾಸ್, ಬಗ್ಯಾಸಿನ ಬೂದಿ ಕೂಡ ನೀರಿನ ಲೋಹವನ್ನು ಹೀರುತ್ತವೆ ಎಂದು ಪ್ರಯೋಗಾಲಯಗಳಲ್ಲಿ ಕಂಡುಕೊಂಡಿದ್ದಾರೆ. ಆದರೆ ಲೋಹ ಹೀರಿದ ಬಗ್ಯಾಸನ್ನು ಮತ್ತೆ ಎಲ್ಲಿ ಹಾಕಬೇಕು ಎಂಬ ಪ್ರಶ್ನೆ ಅಲ್ಲೂ ಉಳಿಯುತ್ತದೆ.

6. ತಡವಾದರೆ ಏನಾಗುತ್ತದೆ: ಜಿಂಜೂ ನದಿಯ ರೈತರು

ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿಂಜೂ ಎಂಬ ನದಿ ಇದೆ. ಅದರ ಮೇಲ್ಭಾಗದಲ್ಲಿ ಕಮಿಯೋಕಾ ಎಂಬ ಸತು, ಸೀಸದ ಗಣಿ. ಸತುವಿನ ಅದಿರಿನ ಜೊತೆಗೆ ಕ್ಯಾಡ್ಮಿಯಂ ಇದ್ದೇ ಇರುತ್ತದೆ. ಗಣಿಯ ಹೊಲಸು ನೀರು ನದಿಗೆ, ನದಿಯ ನೀರು ಕಾಲುವೆಯಿಂದ ಭತ್ತದ ಗದ್ದೆಗೆ, ಭತ್ತದಿಂದ ಊಟಕ್ಕೆ ಕ್ಯಾಡ್ಮಿಯಂ ಬಂತು. ಅನೇಕ ವರ್ಷ ಆ ಅನ್ನ ಉಂಡವರಿಗೆ, ಹೆಚ್ಚಾಗಿ ಮಕ್ಕಳನ್ನು ಹೆತ್ತ ಹೆಂಗಸರಿಗೆ, ಮೂತ್ರಪಿಂಡ ಕೆಟ್ಟು ಎಲುಬು ಮೆತ್ತಗಾದವು. ಹೊರಳಿದರೆ ಎಲುಬು ಮುರಿಯುತ್ತಿತ್ತು. ಅವರು ನರಳುವಾಗ "ಇತಾಯ್, ಇತಾಯ್" ಎನ್ನುತ್ತಿದ್ದರು. "ನೋವು, ನೋವು" ಎಂದು ಅದರ ಅರ್ಥ. ರೋಗಕ್ಕೆ ಆ ಹೆಸರೇ ನಿಂತಿತು.

1968ರಲ್ಲಿ ಜಪಾನ್ ಸರ್ಕಾರ ಈ ರೋಗಕ್ಕೆ ಗಣಿಯ ಕ್ಯಾಡ್ಮಿಯಂ ಕಾರಣವೆಂದು ಒಪ್ಪಿತು. ರೋಗಿಗಳು ನ್ಯಾಯಾಲಯಕ್ಕೆ ಹೋಗಿ 1971ರಲ್ಲಿ ಗೆದ್ದರು. ಕಂಪನಿ ಮೇಲ್ಮನವಿ ಮಾಡಿತು, 1972ರಲ್ಲಿ ಅಲ್ಲೂ ರೈತರ ಕಡೆಯೇ ತೀರ್ಪಾಯಿತು. ಕೆಟ್ಟ ಗದ್ದೆಗಳ ಮಣ್ಣನ್ನು ಹೂತು ಮೇಲೆ ಹೊಸ ಮಣ್ಣು ಹಾಕುವ ಕೆಲಸ ಮೂವತ್ತಕ್ಕೂ ಹೆಚ್ಚು ವರ್ಷ ನಡೆದು 2012ರಲ್ಲಿ ಮುಗಿಯಿತು. ಸುಮಾರು 860 ಹೆಕ್ಟೇರಿಗೆ ಇಷ್ಟು ಕಾಲ ಬೇಕಾಯಿತು.

ಆದರೆ ಈ ಕಥೆಯಲ್ಲಿ ನಾವು ಕಲಿಯಬೇಕಾದದ್ದು ಬೇರೊಂದಿದೆ. 1972ರಲ್ಲಿ ರೈತರು ಪರಿಹಾರದ ಹಣದ ಜೊತೆಗೆ ಒಂದು ಕರಾರನ್ನೂ ಬರೆಸಿಕೊಂಡರು. ತಮಗೆ ಬೇಕಾದಾಗ ವಿಜ್ಞಾನಿಗಳನ್ನು ಕರೆದುಕೊಂಡು ಗಣಿಯೊಳಗೆ ಹೋಗಿ ನೋಡುವ ಹಕ್ಕು ತಮಗಿರಬೇಕು, ಅದರ ಖರ್ಚನ್ನು ಕಂಪನಿ ಕೊಡಬೇಕು ಎಂದು. ಅಂದಿನಿಂದ ವರ್ಷ ವರ್ಷವೂ ಹೋಗಿ, ಎಲ್ಲಿ ಸೋರುತ್ತಿದೆ, ಎಲ್ಲಿ ಹಿಡಿಯಬೇಕು ಎಂದು ತೋರಿಸಿಕೊಟ್ಟರು. ಕಾಲಕ್ರಮದಲ್ಲಿ ನದಿಯ ಕ್ಯಾಡ್ಮಿಯಂ ಸಹಜ ಮಟ್ಟಕ್ಕೆ ಇಳಿಯಿತು. ನದಿಯನ್ನು ಕಾಯ್ದವರು ಹೀಗೆ ಹುಟ್ಟಿದ ಜಾಗದಲ್ಲೇ ಲೋಹವನ್ನು ಹಿಡಿಸಿದ ರೈತರು.

ನಮ್ಮ ದೇಶದಲ್ಲೂ ಪಾಠಗಳಿವೆ. ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮೇಟ್ ತಯಾರಿಸುತ್ತಿದ್ದ ಒಂದು ಕಾರ್ಖಾನೆ 1990ರ ದಶಕದಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಕ್ರೋಮಿಯಂ ಗಸಿ ಒಂದು ಲಕ್ಷ ಟನ್ನಿಗೂ ಹೆಚ್ಚು. ಆ ರಾಶಿಯಿಂದ ಅಂತರ್ಜಲಕ್ಕೆ ಹಳದಿ ನೀರು ಇಳಿಯಿತು. ಆ ಸೀಮೆಯ ತೊಗಲಿನ ಕಾರ್ಖಾನೆಗಳ ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಕೆಡಿಸಿದವರೇ ಅದರ ವೆಚ್ಚ ಹೊರಬೇಕು ಎಂಬ ತತ್ವವನ್ನು ನಮ್ಮ ದೇಶದ ಕಾನೂನಿನ ಭಾಗವೆಂದು ಹೇಳಿತು.

7. ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ

ಬೇರೆಯವರ ಗಟಾರು ತೋರಿಸುವ ಮೊದಲು ನಮ್ಮದನ್ನು ನೋಡಬೇಕು. ಕಬ್ಬಿನ ರಸದಲ್ಲಿ ಸಕ್ಕರೆ ಎಷ್ಟಿದೆ ಎಂದು ಪೋಲಾರಿಮೀಟರಿನಲ್ಲಿ ಅಳೆಯಲು ರಸವನ್ನು ಮೊದಲು ತಿಳಿ ಮಾಡಬೇಕು. ಇದಕ್ಕಾಗಿ ಸಕ್ಕರೆ ಕಾರ್ಖಾನೆಗಳ ಪ್ರಯೋಗಾಲಯಗಳಲ್ಲಿ ದೀರ್ಘಕಾಲ ಬಳಸಿದ ಬಿಳಿ ಪುಡಿ ಸೀಸದ ಸಬ್‌ಅಸಿಟೇಟ್. ಮಾದರಿಗೆ ಒಂದು ಗ್ರಾಂ, ದಿನಕ್ಕೆ ನೂರು ಮಾದರಿ ಎಂದು ಹಿಡಿದರೆ 150 ದಿನದ ಹಂಗಾಮಿಗೆ 15 ಕಿಲೋ ಪುಡಿ. ಪರೀಕ್ಷೆ ಮುಗಿದ ಮೇಲೆ ಅದು ತೊಟ್ಟಿಯ ನಲ್ಲಿಗೆ ಹೋದರೆ ಸಕ್ಕರೆಯ ಹೊಲಸಿನೊಡನೆ ಬೆರೆಯುತ್ತದೆ. ಗಾಳಿ ಹಾಯಿಸುವ ತೊಟ್ಟಿ ಸಕ್ಕರೆಯನ್ನು ತಿನ್ನುತ್ತದೆ, ಸೀಸವನ್ನಲ್ಲ.

ಇದಕ್ಕೆ ಉಪಾಯ ಕಷ್ಟದ್ದಲ್ಲ. ಸೀಸ ಹಾಕಿದ ರಸ, ಸೋಸಿದ ಕಾಗದ ಎರಡನ್ನೂ ಗುರುತು ಹಾಕಿದ ಬೇರೆ ಡಬ್ಬಿಯಲ್ಲಿ ಕೂಡಿಡಬೇಕು. ರಸಕ್ಕೆ ಸೋಡಿಯಂ ಕಾರ್ಬೊನೇಟ್ ಅಥವಾ ಫಾಸ್ಫೇಟ್ ಹಾಕಿದರೆ ಹೆಚ್ಚಿನ ಸೀಸ ಬಿಳಿ ಗಸಿಯಾಗಿ ಇಳಿಯುತ್ತದೆ. ಆ ಗಸಿಯನ್ನು ಪರವಾನಗಿ ಇದ್ದವರಿಗೇ ಕೊಡಬೇಕು. ಸೀಸವಿಲ್ಲದ ಪುಡಿಗಳೂ, ಪುಡಿಯೇ ಬೇಡದ ಹೊಸ ಬಗೆಯ ಪೋಲಾರಿಮೀಟರುಗಳೂ ಬಂದಿವೆ. ಯಾವ ಕಾರ್ಖಾನೆಗೆ ಕಬ್ಬು ಹಾಕಿದರೂ ವಾರ್ಷಿಕ ಸರ್ವಸಾಧಾರಣ ಸಭೆಯಲ್ಲಿ ಎದ್ದು ನಿಂತು "ಪ್ರಯೋಗಾಲಯದ ಸೀಸ ಎಲ್ಲಿಗೆ ಹೋಗುತ್ತದೆ?" ಎಂದು ಕೇಳುವ ಹಕ್ಕು ಸದಸ್ಯನಿಗಿದೆ. ದಯವಿಟ್ಟು ಕೇಳಿರಿ.

8. ಸದಸ್ಯರು ನೆನಪಿಡಬೇಕಾದದ್ದು

(1) ಬಣ್ಣದ ಕೆಸರು ಪುಕ್ಕಟೆ ಬಂದರೂ ಬೇಡ. ಪ್ಲೇಟಿಂಗ್, ಬ್ಯಾಟರಿ, ತೊಗಲು ಹದ ಮಾಡುವ ಕಾರ್ಖಾನೆಗಳ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಿಗೆ ಒಳಪಟ್ಟದ್ದು. ಅದು ಹೋಗಬೇಕಾದದ್ದು ಪರವಾನಗಿ ಪಡೆದ ವಿಲೇವಾರಿ ಜಾಗಕ್ಕೆ. ಮಹಾರಾಷ್ಟ್ರದಲ್ಲಿ ತಳೋಜಾ, ರಾಂಜಣಗಾಂವ್ ಮೊದಲಾದ ಕಡೆ ಇಂಥ ಜಾಗಗಳಿವೆ. ಅಲ್ಲಿಗೆ ಕಳಿಸಲು ಕಾರ್ಖಾನೆಯವರು ಹಣ ಕೊಡಬೇಕಾಗುತ್ತದೆ. ಪುಕ್ಕಟೆ ಟ್ರಾಲಿಯ ಗುಟ್ಟು ಇದೇ.

(2) ತಿಳಿಯಾದ ನೀರೆಲ್ಲ ಒಳ್ಳೆಯ ನೀರಲ್ಲ. ಕರಗಿದ ಲೋಹ ಕಣ್ಣಿಗೆ ಕಾಣುವುದಿಲ್ಲ. ರುಚಿ ನೋಡಿ ಪರೀಕ್ಷಿಸಲು ಹೋಗಬೇಡಿ.

(3) ಮಣ್ಣಿನ ಆರೋಗ್ಯ ಪತ್ರಿಕೆಯಲ್ಲಿ ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್ ಇರುತ್ತವೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇರುವುದಿಲ್ಲ. ಪತ್ರಿಕೆ ಚೆನ್ನಾಗಿದೆ ಎಂದು ಸಮಾಧಾನಪಡದೆ, ಅನುಮಾನವಿದ್ದರೆ ಈ ಲೋಹಗಳ ಪರೀಕ್ಷೆಯನ್ನು ಹೆಸರು ಹೇಳಿ ಬೇರೆಯಾಗಿ ಮಾಡಿಸಿರಿ. ಯಾವ ಪ್ರಯೋಗಾಲಯ ಎಂದು ಗಟ ಕಚೇರಿಯಲ್ಲಿ ವಿಚಾರಿಸಿರಿ.

(4) ಅನುಮಾನದ ನೀರು ಹಾಯ್ದ ಹೊಲದಲ್ಲಿ ಪಾಲಕ, ಮೆಂತ್ಯ, ರಾಜಗಿರಿ ಮುಂತಾದ ಸೊಪ್ಪು ಬೆಳೆಯಬೇಡಿ. ಸೊಪ್ಪಿಗೆ ಲೋಹ ಬೇಗ ಏರುತ್ತದೆ. ಅಲ್ಲಿಯ ಹುಲ್ಲು, ಮೇವನ್ನು ಹೈನಿನ ದನಕ್ಕೂ ಹಾಕಬೇಡಿ.

(5) ಹಳ್ಳಕ್ಕೆ ಬಣ್ಣದ ನೀರು ಬಂದರೆ ದಿನ, ಹೊತ್ತು, ಜಾಗ ಬರೆದಿಟ್ಟು ಗ್ರಾಮ ಪಂಚಾಯತಿಯ ಮೂಲಕ ಮಹಾರಾಷ್ಟ್ರ ಪ್ರದೂಷಣ ನಿಯಂತ್ರಣ ಮಂಡಳಿಗೆ ಲಿಖಿತ ತಕರಾರು ಕೊಡಿ. ಬಾಯಿಮಾತಿನ ದೂರು ಗಾಳಿಗೆ ಹೋಗುತ್ತದೆ.

(6) ಹಳೆಯ ಬ್ಯಾಟರಿ ಒಡೆದು ಸೀಸ ತೆಗೆಯುವವರಿಗೆ ಹೊಲದ ಬದಿಯಲ್ಲಿ, ಬಾವಿಯ ಹತ್ತಿರ ಜಾಗ ಕೊಡಬೇಡಿ. ಬಾಡಿಗೆ ಆರು ತಿಂಗಳಿಗೆ ಮುಗಿಯುತ್ತದೆ, ಸೀಸ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಮೊದಲು ಹೇಳಿದ ಸದಸ್ಯರಿಗೆ ನಮ್ಮ ಉತ್ತರ ಈಗ ಪೂರ್ತಿಯಾಯಿತು. ನಮ್ಮ ಪ್ರೆಸ್‌ಮಡ್ಡಿಗೂ ಆ ಹಸಿರು ಕೆಸರಿಗೂ ತಯಾರಾಗುವ ರೀತಿ ಒಂದೇ: ಸುಣ್ಣ, ಗಸಿ, ಸೋಸುವಿಕೆ. ಆದರೆ ನಮ್ಮದರಲ್ಲಿ ಉಳಿದದ್ದು ಕಬ್ಬಿನಿಂದ ಬಂದ ಅಂಶ. ಅದು ಹೊಲದಿಂದ ಬಂದು ಹೊಲಕ್ಕೆ ಹೋಗಿ ಕೊಳೆಯುತ್ತದೆ. ಆ ಕೆಸರಿನಲ್ಲಿ ಉಳಿದದ್ದು ನೀರಿನಿಂದ ಕಷ್ಟಪಟ್ಟು ಹಿಡಿದ ಲೋಹ. ಹಿಡಿದದ್ದನ್ನು ಹೊಲದಲ್ಲಿ ಹರಡಿದರೆ ಹಿಡಿದ ಶ್ರಮವೆಲ್ಲ ನೀರುಪಾಲು. ಭೀಮಾ, ಸೀನಾ, ಬೋರಿ ದಂಡೆಯ ನಮ್ಮ ಎರೆಭೂಮಿ ಒಮ್ಮೆ ಒಳಗೆ ತೆಗೆದುಕೊಂಡ ಲೋಹವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದ್ದರಿಂದ ಬಾಂಧವರೇ, ಟ್ರಾಲಿಯನ್ನು ಹೊಲದ ಬದುವಿನ ಆಚೆಗೇ ನಿಲ್ಲಿಸಿ ತಿರುಗಿ ಕಳಿಸಿರಿ.

ಮನೆಯಲ್ಲಿ ಕೂತು ಉತ್ತರಿಸಿಕೊಳ್ಳಿ

(ಅ) ಸಕ್ಕರೆಯ ಹೊಲಸು ನೀರಿಗೂ ಲೋಹದ ನೀರಿಗೂ ಇರುವ ಮುಖ್ಯ ಭೇದವೇನು?
(ಆ) ಬೋರ್ಡೋ ಮಿಶ್ರಣದಲ್ಲಿ ಅದ್ದಿದ ಚಾಕು ಏಕೆ ಕೆಂಪಾಗುತ್ತದೆ?
(ಇ) ಹಳದಿ ಕ್ರೋಮಿಯಂ ನೀರಿಗೆ ಸುಣ್ಣಕ್ಕಿಂತ ಮೊದಲು ಏನನ್ನು ಕೊಡಬೇಕು?
(ಈ) ಲೀಟರಿಗೆ ಅರ್ಧ ಮಿಲಿಗ್ರಾಂ ಸೀಸವಿರುವ ನೀರನ್ನು ನಿಮ್ಮ ಎರಡು ಎಕರೆ ಕಬ್ಬಿಗೆ ಐದು ವರ್ಷ ಹಾಯಿಸಿದರೆ ಹೊಲಕ್ಕೆ ಸೇರುವ ಸೀಸ ಎಷ್ಟು ಕಿಲೋ?

ಕೊನೆಯ ಲೆಕ್ಕದ ಉತ್ತರ 40 ಕಿಲೋ ಬಂದರೆ ನಿಮ್ಮ ಲೆಕ್ಕ ಸರಿ.